ಮಗಳ ಕನ್ನಡದೊಳಗೆ ಇಂಗ್ಲಿಷ್ ಕೂತಿದೆ, ತಿದ್ದಬೇಕಾ?

ಚುಕ್ಕಿಯಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 6 ವರ್ಷ. ಮನೆಯಲ್ಲಿ ನಾವಿಬ್ಬರೂ ಕನ್ನಡವನ್ನೇ ಆಡುತ್ತೇವೆ, ಅವಳೂ ಕನ್ನಡದಲ್ಲೇ ಉತ್ತರ ಕೊಡುತ್ತಾಳೆ. ಆದರೆ ಶಾಲೆಗೆ ಸೇರಿದ ಮೇಲೆ ಮಾತಿನ ಧಾಟಿಯೇ ಬೇರೆಯಾಗಿದೆ. "ನಾನು ಹಸಿವು ಇದ್ದೇನೆ" ಅನ್ನುತ್ತಾಳೆ. "ಸ್ನಾನ ತಗೊಂಡೆ" ಅನ್ನುತ್ತಾಳೆ. ಎಲ್ಲರಿಗೂ ನೀನು, ನೀವು ಅನ್ನುವುದೇ ಇಲ್ಲ. ಳ ಕೂಡ ಹೋಗಿದೆ. ಮೊನ್ನೆ ಫೋನಿನಲ್ಲಿ ಅಜ್ಜಿಗೆ "ನಿನ್ನ ಹಲ್ಲಿಗೆ ಬರ್ತೀನಿ" ಅಂದಳು. ಹಲ್ಲೋ, ಹಲ್ಲಿಯೋ, ಅವರಿಗೆ ತಿಳಿಯಲೇ ಇಲ್ಲ. ಹಳ್ಳಿ ಅಂತ ನಾನು ಹೇಳಬೇಕಾಯಿತು. ಪ್ರತಿ ಸಲ ತಿದ್ದಬೇಕಾ, ಸುಮ್ನೆ ಬಿಡಬೇಕಾ?

ಹಳೆಬೇರು:
ಬಿಡಲೇಬೇಡಿ! ಹೊರದೇಶಕ್ಕೆ ಬಂದು 22 ವರ್ಷವಾಯಿತು, ಇಂಥದ್ದು ಎಷ್ಟೋ ನೋಡಿದ್ದೇನೆ. ಚಪ್ಪಲಿ ಜೊತೆ ಇಂಗ್ಲಿಷನ್ನೂ ಬಾಗಿಲಲ್ಲೇ ಬಿಟ್ಟು ಒಳಗೆ ಬರಬೇಕು. ನಮ್ಮ ಮನೆಯಲ್ಲಿ ಒಂದು ಇಂಗ್ಲಿಷ್ ಪದ ಬಂದರೆ ಅರ್ಧ ಗಂಟೆ ಟೀವಿ ಇಲ್ಲ. ಇವತ್ತು ಇಬ್ಬರು ಮಕ್ಕಳೂ ಅಚ್ಚ ಕನ್ನಡ ಮಾತಾಡುತ್ತಾರೆ, ನೋಡಿದರೆ ಖುಷಿಯಾಗುತ್ತದೆ. ಬಸ್ಸು, ಕಾರು ಅಂತ ಶುರುವಾಗುತ್ತದೆ, ಕೊನೆಗೆ ಭಾಷೆಯೇ ಹೋಗುತ್ತದೆ.

ಪುಸ್ತಕದ ಹುಳ:
ಬಸ್ಸಿಗೂ ಈ ಮಗುವಿನ ಮಾತಿಗೂ ಸಂಬಂಧವಿಲ್ಲ. ಬಸ್ಸು ಬಂತು, ಬಸ್ಸುಗಳು ಆಯಿತು, ಬಸ್ಸಿನಲ್ಲಿ ಆಯಿತು. ಪದ ಹೊರಗಿನದು, ಪ್ರತ್ಯಯ ನಮ್ಮದು. "ನಾನು ಹಸಿವು ಇದ್ದೇನೆ" ಅದಕ್ಕೆ ತಿರುವುಮುರುವು. ಪದವೆಲ್ಲ ಕನ್ನಡ, ಜೋಡಣೆ ಇಂಗ್ಲಿಷ್. ನಮ್ಮಲ್ಲಿ ಹಸಿವು *ನಮಗೆ* ಆಗುತ್ತದೆ. ಒಂದೇ ಬಾಯಲ್ಲಿ ಎರಡು ಭಾಷೆ ಇದ್ದರೆ ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರೆಯುವುದು ದೊಡ್ಡವರಲ್ಲೂ ಇದೆ. ಮಹಾರಾಷ್ಟ್ರದ ಸಾಂಗಲಿ ಹತ್ತಿರದ ಕುಪವಾಡ ಅನ್ನುವ ಹಳ್ಳಿಯ ಬಗ್ಗೆ ಗಂಪರ್ಜ್ ಮತ್ತು ವಿಲ್ಸನ್ ಎಂಬ ಸಂಶೋಧಕರು 1971ರಲ್ಲಿ ಬರೆದರು. ಅಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ತಲೆಮಾರುಗಳಿಂದ ಜೊತೆಗಿದ್ದಾರೆ. ಪದಗಳು ಬೇರೆಬೇರೆಯಾಗೇ ಉಳಿದವು, ವಾಕ್ಯದ ಕಟ್ಟು ಮಾತ್ರ ಹೆಚ್ಚುಕಡಿಮೆ ಒಂದೇ ಆಯಿತು.

ಇನ್ನು ನಿಮ್ಮ ಪ್ರಶ್ನೆಗೆ. ಮಾತು ತಡೆದು ತಿದ್ದಬೇಡಿ. "ಹೌದಾ, ನಿನಗೆ ಹಸಿವಾಯ್ತಾ?" ಅಂತ ಸರಿಯಾದ ರೂಪದಲ್ಲೇ ವಾಪಸ್ ಕೇಳಿ. ಳ ಬೇಕಾದರೆ ಆಟ ಮಾಡಿ: ಕಾಲು-ಕಾಳು, ಹಾಲು-ಹಾಳು. ಯಾವುದು ಹೇಳಿದೆ ಅಂತ ಅವಳು ಹಿಡಿಯಲಿ. ಕಿವಿಗೆ ಗೊತ್ತಾದರೆ ನಾಲಿಗೆಗೂ ಬರುತ್ತದೆ.

ಹಳೆಬೇರು:
ಸಂಶೋಧನೆ ಓದಿ ಮಕ್ಕಳನ್ನು ಬೆಳೆಸಲಾಗುವುದಿಲ್ಲ ಸ್ವಾಮಿ. ಸಡಿಲ ಬಿಟ್ಟವರ ಮಕ್ಕಳ ಕನ್ನಡ ನೋಡಿದ್ದೇನೆ. ಶಿಸ್ತು ಬೇಕು. ಪರಭಾಷೆ ಜಾಸ್ತಿ ಆದಷ್ಟೂ ನಮ್ಮದು ಕಮ್ಮಿ.

ಕಡಲಾಚೆ:
ಹಳೆಬೇರು ಸರ್, ಜಾಸ್ತಿ, ಕಮ್ಮಿ, ಖುಷಿ ಮೂರೂ ಪಾರ್ಸಿ ಕಡೆಯಿಂದ ಬಂದವು 🙂 ನೀವು ಕೂತ ಕುರ್ಚಿ ಅರಬ್ಬಿ. ಚಾವಿ, ಪಗಾರ ಪೋರ್ಚುಗೀಸ್.

ಹಳೆಬೇರು:
ಅವು ಬಂದು ನೂರಾರು ವರ್ಷವಾಯಿತು. ಈಗ ನಮ್ಮವೇ.

ಕಡಲಾಚೆ:
ಹಾಗಾದರೆ ಬಸ್ಸಿಗೆ ಎಷ್ಟು ವರ್ಷದ ವೀಸಾ ಕೊಡುತ್ತೀರಿ? ಸುಮಾರು 450ರ ಹಲ್ಮಿಡಿ ಶಾಸನದಲ್ಲೇ ಸಂಸ್ಕೃತ ತುಂಬಿದೆ. ಇಂಗ್ಲಿಷಿನ "ದೇ" (they, ಅವರು) ಕೂಡ ಸ್ಕ್ಯಾಂಡಿನೇವಿಯಾದಿಂದ ಹೋದವರ ಮಾತಿನದು. ಸರ್ವನಾಮವನ್ನೇ ಕಡ ತಂದರೂ ಆ ಭಾಷೆ ಸತ್ತಿಲ್ಲ.

ಹಳೆಬೇರು:
ಇಂಗ್ಲಿಷಿಗೆ ಲೋಕವೇ ಕಾವಲಿದೆ. ನಮ್ಮ ಮನೆ ಕನ್ನಡಕ್ಕೆ ನಾನೊಬ್ಬನೇ. ಆ ವ್ಯತ್ಯಾಸ ನಿಮಗೆ ಕಾಣುವುದಿಲ್ಲ.

(ಇದೊಂದು ಮಾತಿಗೆ ನಲವತ್ತು ಲೈಕ್ ಬಿತ್ತು. ಮುಂದಿನ ಹನ್ನೆರಡು ಉತ್ತರ ಬರೀ ಬಸ್ಸಿನ ಮೇಲೆ. ಅಳಿಸಿದ್ದೇನೆ. ಅಡ್ಮಿನ್)

ಸಂಕೇತಿ ಮನೆ:
ನಮ್ಮ ಮನೆಮಾತು ಸಂಕೇತಿ. ಮೂಲ ತಮಿಳಿನ ಕಡೆಯದು, ಕನ್ನಡದ ನಡುವೆ ಶತಮಾನಗಳಿದ್ದು ಈಗ ತಮಿಳರಿಗೆ ಪೂರ್ತಿ ಅರ್ಥವಾಗದಷ್ಟು ಬದಲಾಗಿದೆ. ನನ್ನ ಅಜ್ಜಿ ಅದನ್ನು ಕೆಟ್ಟುಹೋದ ಮಾತು ಅಂತ ಒಂದು ದಿನವೂ ಅಂದವರಲ್ಲ. ನನ್ನ ಮಗನಿಗೆ ಸಂಕೇತಿ ಬರುವುದಿಲ್ಲ, ಕನ್ನಡ ಮಾತ್ರ. ಅದು ನನ್ನ ತಪ್ಪು, ಇರಲಿ.

ಮೂರು ಭಾಷೆ ಮನೆ:
ನೀನು-ನೀವು ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಮಕ್ಕಳ ಶಾಲೆ ಜರ್ಮನ್‌ನಲ್ಲಿ. ಅಲ್ಲಿ ನೀನು ಅನ್ನುವ "ದು" ಬೇರೆ, ನೀವು ಅನ್ನುವ "ಜೀ" ಬೇರೆ. ಹಾಗಾಗಿ ನೀವು ಅನ್ನುವುದು ನಮ್ಮವರಿಗೆ ಸಲೀಸಾಗಿ ಉಳಿಯಿತು. ಬೇರೆ ಭಾಷೆ ತಗಲಿದರೆ ಬರೀ ನಷ್ಟ ಅಂದುಕೊಳ್ಳಬೇಡಿ. ನಿಮ್ಮ ಮಗಳಿಗೆ ಇಂಗ್ಲಿಷಿನಿಂದ ಆ ಆಸರೆ ಸಿಗುವುದಿಲ್ಲ. ನೀವೇ ಅವಳ ಮುಂದೆ ಹಿರಿಯರನ್ನು ನೀವು ಅಂತ ಕರೆಯುತ್ತಿರಬೇಕು.

ತಡವಾಗಿ ಓದಿದವ:
ನಾನು ಪ್ರತಿ ತಪ್ಪನ್ನೂ ತಿದ್ದಿದೆ. ವಾಕ್ಯ ಮುಗಿಯಲು ಬಿಡುತ್ತಿರಲಿಲ್ಲ. ಹತ್ತನೇ ವಯಸ್ಸಿಗೆ ಮಗ ನನ್ನ ಜೊತೆ ಇಂಗ್ಲಿಷಿಗೆ ಹೊರಳಿದ. ಅದರಲ್ಲಿ ನಾನು ತಪ್ಪು ಹುಡುಕಲಾರೆ ಅಂತ ಅವನಿಗೆ ಗೊತ್ತಿತ್ತು. ಈಗ 24. ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ.

ಹಳೆಬೇರು:
ಕ್ಷಮಿಸಿ, ನೀವು ಶುರು ಮಾಡಿದ್ದು ತಡವಾಗಿರಬೇಕು.

ಚುಕ್ಕಿಯಮ್ಮ:
ಎರಡು ವಾರವಾಯಿತು, ಹೇಳಿಹೋಗೋಣ ಅಂತ ಬಂದೆ. ಕಾಲು-ಕಾಳು ಆಟ ಅವಳಿಗೆ ಹುಚ್ಚು ಹಿಡಿಸಿದೆ, ನನ್ನನ್ನೇ ಸೋಲಿಸುತ್ತಾಳೆ. ನಿನ್ನೆ "ನಿನಗೆ ಹಸಿವಾಯ್ತಾ?" ಅಂದೆ. "ಹೂಂ, ನನಗೆ ಹಸಿವು ಇದ್ದೇನೆ" ಅಂದಳು. ಅರ್ಧ ದಾರಿ ಬಂದಿದ್ದಾಳೆ ಅಲ್ವಾ?

ಹಳೆಬೇರು:
ಟೀವಿ ಕಟ್ ಮಾಡಿ ಮೇಡಂ.