ಅಪ್‌ಡೇಟ್: ಪಿಯುಸಿ ಆದಮೇಲೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು

ಪಿಯುಸಿ ಮುಗಿಸಿದ ತಮ್ಮನಿಗೆ ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜು (ಮೊದಲ ಎರಡು ವರ್ಷ ಓದುವ ಸರ್ಕಾರಿ ಕಾಲೇಜು) ಸೇರೋಕೆ ಏನೇನು ಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್. ವಿದ್ಯಾರ್ಥಿ ವೀಸಾಕ್ಕೆ ಬೇಕಾದ, ಕಾಲೇಜು ಕೊಡುವ ಐ-20 ಪತ್ರ ಬಂತು!

ಎಸ್‌ಎಟಿ (ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ) ಕೇಳಲೇ ಇಲ್ಲ. ಅಂಕಪಟ್ಟಿ, ಪಾಸ್‌ಪೋರ್ಟ್, ಟೋಫೆಲ್ ಇಂಗ್ಲಿಷ್ ಪರೀಕ್ಷೆಯ ಅಂಕ ಸಾಕಾಯಿತು. ತಲೆ ತಿಂದದ್ದು ದುಡ್ಡಿನ ಕಾಗದ. ಒಂದು ವರ್ಷದ ಫೀಸು, ಊಟ, ಬಾಡಿಗೆ, ಇನ್ಶೂರೆನ್ಸ್ ಎಲ್ಲಕ್ಕೂ ಹಣ ಇದೆ ಅಂತ ಬ್ಯಾಂಕ್ ಪತ್ರ ಬೇಕು. ಖಾತೆ ಅಪ್ಪನದು, ಹಾಗಾಗಿ ಖರ್ಚು ನಾನೇ ನೋಡಿಕೊಳ್ಳುತ್ತೇನೆ ಅಂತ ಅವರ ಸಹಿ ಬೇರೆ. ಇನ್ನು 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಶುಲ್ಕ ಕಟ್ಟಿ ವೀಸಾ ಸಂದರ್ಶನಕ್ಕೆ ಹೋಗಬೇಕು. ಅಲ್ಲಿಗೆ ಹೋದಮೇಲೆ ಸೆಮಿಸ್ಟರ್‌ಗೆ ಕನಿಷ್ಠ 12 ಯೂನಿಟ್ (ಕೋರ್ಸ್‌ಗಳ ಕ್ರೆಡಿಟ್) ಓದಲೇಬೇಕು.

ಕಮ್ಯುನಿಟಿ ಕಾಲೇಜು ಅಂದ್ರೆ ಅಗ್ಗ ಅಂತ ಸುಮ್ನೆ ನಂಬಬೇಡಿ. ಯೂನಿಟ್‌ಗೆ 46 ಡಾಲರ್ ಅನ್ನೋದು ಆ ರಾಜ್ಯದ ನಿವಾಸಿಗಳಿಗೆ. ನಮ್ಮಂಥವರಿಗೆ ಅದರ ಹಲವು ಪಟ್ಟು. ಆದರೂ ನೇರವಾಗಿ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಸೇರುವುದಕ್ಕಿಂತ ಕಡಿಮೆಯೇ.

ಅಲ್ಲೇ ಹೈಸ್ಕೂಲ್ ಓದುವ ಮಕ್ಕಳ ಬಗ್ಗೆ ಒಬ್ಬರು ಕೇಳಿದ್ರು. ಡಿಪ್ಲೊಮಾ ಬರುವವರೆಗೆ ಕಾಯಬೇಕಿಲ್ಲ. ಶಾಲೆ ಮತ್ತು ಪೋಷಕರ ಒಪ್ಪಿಗೆ ಇದ್ದರೆ ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ (ಶಾಲೆಯಲ್ಲಿದ್ದುಕೊಂಡೇ ಕಾಲೇಜಿಗೂ ಸೇರುವುದು) ಈಗಲೇ ಕಾಲೇಜಿನ ಕ್ಲಾಸ್ ತಗೋಬಹುದು.

ತಮ್ಮನ ಕಣ್ಣು ಯುಸಿ ಡೇವಿಸ್ ಮೇಲೆ. ಕಮ್ಯುನಿಟಿ ಕಾಲೇಜಿನಿಂದ ಯುಸಿಗೆ ವರ್ಗವಾಗುವವರಿಗೆ, ಷರತ್ತು ಪೂರೈಸಿದರೆ, ಸೀಟು ಖಾತ್ರಿ ಮಾಡುವ ಟ್ಯಾಗ್ ಒಪ್ಪಂದದ ಆರು ಯುಸಿ ಕ್ಯಾಂಪಸ್‌ಗಳಲ್ಲಿ ಅದೂ ಇದೆ, ಬರ್ಕ್ಲಿ ಇಲ್ಲ. ವೀಸಾ ಆದಮೇಲೆ ತಿಳಿಸ್ತೀನಿ.