‘ಹುದುಗುವಿಕೆ’ ಗಾಳಿಯೂದುವ ತೊಟ್ಟಿಗೂ ಸಲ್ಲುತ್ತದೆಯೇ?

ಮಾನ್ಯರೇ,

ಆಹಾರ ಕಾರ್ಖಾನೆಗಳ ತ್ಯಾಜ್ಯದಿಂದ ಸೂಕ್ಷ್ಮಜೀವಿಗಳ ನೆರವಿನಲ್ಲಿ ರಾಸಾಯನಿಕಗಳನ್ನು ಪಡೆಯುವ ಕುರಿತು ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದು, ‘ಹುದುಗುವಿಕೆ’ ಎಂಬ ಪದದ ವ್ಯಾಪ್ತಿಯ ಬಗ್ಗೆ ಬಲ್ಲವರ ಅಭಿಪ್ರಾಯ ಕೋರುತ್ತೇನೆ.

ಆಮ್ಲಜನಕವಿಲ್ಲದೆ ಸಕ್ಕರೆ ವಿಭಜನೆಯಾಗುವುದೇ ಹುದುಗುವಿಕೆ ಎಂಬುದು ಪಠ್ಯಪುಸ್ತಕಗಳ ರೂಢಿಯ ವಿವರಣೆ. ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲೊಡಕಿನ ನೀರಿಗೆ ಇದು ಸರಿಹೊಂದುತ್ತದೆ. ಅದರಲ್ಲಿ ಶೇ. 5ರ ಆಸುಪಾಸು ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ಇರುವುದರಿಂದ, ಹಾಗೆಯೇ ಹೊಳೆಗೆ ಬಿಟ್ಟರೆ ಕೊಳೆಯುತ್ತ ನೀರಿನ ಆಮ್ಲಜನಕವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾಕ್ಕೆ ಉಣಿಸಿದರೆ ಗಾಳಿಯ ಹಂಗಿಲ್ಲದೆ ಲ್ಯಾಕ್ಟಿಕ್ ಆಮ್ಲ ಕೊಡುತ್ತದೆ.

ತೊಡಕಿರುವುದು ಸಿಟ್ರಿಕ್ ಆಮ್ಲದಲ್ಲಿ. ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಸಕ್ಕರೆಯ ದ್ರಾವಣದಲ್ಲಿ ಈ ಆಮ್ಲವನ್ನು ಧಾರಾಳವಾಗಿ ಉತ್ಪಾದಿಸಬಲ್ಲದೆಂದು 1917ರಲ್ಲಿ ಅಮೆರಿಕದ ರಸಾಯನಜ್ಞ ಜೇಮ್ಸ್ ಕರಿ ತೋರಿಸಿದ ಮೇಲೆ, ಅದುವರೆಗೆ ನಿಂಬೆರಸದಿಂದ ತೆಗೆಯುತ್ತಿದ್ದ ಆಮ್ಲ ಕಾರ್ಖಾನೆಯ ತೊಟ್ಟಿಗಳಿಗೆ ಬಂತು. ಮುಂದೆ ಸಕ್ಕರೆ ಕಾರ್ಖಾನೆಯ ಕಾಕಂಬಿಯೂ ಅದಕ್ಕೆ ಕಚ್ಚಾವಸ್ತುವಾಯಿತು. ಆದರೆ ಈ ಬೂಷ್ಟಿಗೆ ಆಮ್ಲಜನಕ ಬೇಕೇ ಬೇಕು. ತೊಟ್ಟಿಯ ತಳದಿಂದ ಗಾಳಿಯನ್ನು ಎಡೆಬಿಡದೆ ಊದುತ್ತಿರಬೇಕು, ಸ್ವಲ್ಪ ಹೊತ್ತು ನಿಂತರೂ ಆಮ್ಲದ ಇಳುವರಿ ಕುಸಿಯುತ್ತದೆ. ಉದ್ಯಮದವರು ಇದನ್ನೂ ಹುದುಗುವಿಕೆಯೆಂದೇ ಕರೆಯುತ್ತಾರೆ. ಜೀವರಸಾಯನ ಓದಿದವರು ಹುಬ್ಬೇರಿಸುತ್ತಾರೆ.

ಬದಲಿ ಪದಗಳೂ ನಿರಾತಂಕವಾಗಿಲ್ಲ. ‘ಕಿಣ್ವನ’ ಎಂದರೆ, ಎನ್‌ಜೈಮಿಗೆ ‘ಕಿಣ್ವ’ ಈಗಾಗಲೇ ನೆಲೆನಿಂತಿರುವುದರಿಂದ, ಜೀವಿಯಿಲ್ಲದೆ ಬರಿಯ ಕಿಣ್ವದಿಂದಲೇ ಕೆಲಸ ನಡೆಯುತ್ತದೆಂಬ ಭಾವನೆ ಬರುತ್ತದೆ. ‘ಹುಳಿಸುವಿಕೆ’ ಆಮ್ಲಗಳಿಗೆ ಚೆನ್ನಾಗಿ ಒಪ್ಪಿದರೂ, ಇಂಥದೇ ತೊಟ್ಟಿಗಳಿಂದ ಬರುವ, ಆಮ್ಲಗಳಲ್ಲದ ಬ್ಯೂಟನಾಲ್, ಅಸಿಟೋನ್‌ಗಳಿಗೆ ಒಗ್ಗದು.

ಆಡುಮಾತಿನಲ್ಲಿ ಹಿಟ್ಟು ‘ಹುದುಗು ಬಂತು’ ಎನ್ನುವವರು ಉಬ್ಬಿದ್ದನ್ನೂ ನೊರೆಯನ್ನೂ ನೋಡುತ್ತಾರೆಯೇ ಹೊರತು ಆಮ್ಲಜನಕದ ಲೆಕ್ಕವನ್ನಲ್ಲ. ಆದ್ದರಿಂದ ಎರಡಕ್ಕೂ ಇದೇ ಪದವನ್ನು ಉಳಿಸಿಕೊಂಡು, ಅಗತ್ಯವಿದ್ದಲ್ಲಿ ‘ಗಾಳಿಸಹಿತ’, ‘ಗಾಳಿರಹಿತ’ ಎಂದು ವಿಶೇಷಣ ಸೇರಿಸುವುದೇ ಲೇಸೆಂದು ನನಗೆ ತೋರುತ್ತದೆ. ಕ್ರಿಯಾಪದ ಮಾತ್ರ ಇನ್ನೂ ಕಾಡುತ್ತಿದೆ: ‘ಕಾಕಂಬಿಯನ್ನು ಹುದುಗಿಸಿ’ ಎಂದು ಬರೆದರೆ ಅದನ್ನು ಎಲ್ಲೋ ಬಚ್ಚಿಟ್ಟಂತೆ ಕೇಳಿಸುತ್ತದೆ. ‘ಹುದುಗೆಬ್ಬಿಸಿ’ ಎಂಬ ರೂಪ ಶಾಸ್ತ್ರೀಯ ಬರಹಕ್ಕೆ ಸಲ್ಲಬಹುದೇ, ಅಥವಾ ಇದಕ್ಕಿಂತ ಸಹಜವಾದ ಪ್ರಯೋಗ ಯಾರ ಗಮನಕ್ಕಾದರೂ ಬಂದಿದೆಯೇ?