ಡಿಪೆಂಡೆಂಟ್ ಎಂದರೆ ಅವಲಂಬಿತನೇ, ಪೋಷ್ಯನೇ?

ಎಲ್ಲರಿಗೂ ನಮಸ್ಕಾರ.

ನ್ಯೂಜೆರ್ಸಿಯ ಕನ್ನಡ ಕುಟುಂಬಗಳಿಗೆಂದು ಆದಾಯ ತೆರಿಗೆಯ ಬಗ್ಗೆ ಎರಡು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ಎರಡು ಪದಗಳಿಗೆ ನಿಮ್ಮ ನೆರವು ಬೇಕು.

ಕೆಲಸ ಹೋದವರಿಗೆ ಇಲ್ಲಿನ ರಾಜ್ಯ ಸರ್ಕಾರ ವಾರದ ಲೆಕ್ಕದಲ್ಲಿ ಹಣ ಕೊಡುತ್ತದೆ. ಅದನ್ನು ಮೊದಲು 'ನಿರುದ್ಯೋಗ ಪರಿಹಾರ' ಎಂದು ಬರೆದಿದ್ದೆ. ಓದಿದವರೊಬ್ಬರು "ಪರಿಹಾರದ ದುಡ್ಡಿಗೂ ತೆರಿಗೆಯೇ?" ಎಂದು ಕೇಳಿದರು. ಅವರ ಪ್ರಶ್ನೆ ಸಹಜ. ನೆರೆ ಪರಿಹಾರ, ಬೆಳೆ ಪರಿಹಾರ ಎಂದು ಕೇಳಿ ಬೆಳೆದ ಕಿವಿಗೆ ಅದು ನಷ್ಟ ತುಂಬುವ ಹಣ, ಗಳಿಕೆಯಲ್ಲ. ಆದರೆ ಅಮೆರಿಕದ ಫೆಡರಲ್ ಕಾನೂನಿನಲ್ಲಿ 1987ರಿಂದ ಅದಷ್ಟೂ ತೆರಿಗೆಗೆ ಒಳಪಡುವ ಆದಾಯ. 2009ರ ಸಾಲಿಗೆ ತಲಾ 2,400 ಡಾಲರ್‌ವರೆಗೆ, 2020ರ ಸಾಲಿಗೆ, ಆದಾಯ 1,50,000 ಡಾಲರ್‌ಗಿಂತ ಕಡಿಮೆ ಇದ್ದವರಿಗೆ, ತಲಾ 10,200 ಡಾಲರ್‌ವರೆಗೆ ವಿನಾಯಿತಿ ಸಿಕ್ಕಿತ್ತು. ನ್ಯೂಜೆರ್ಸಿ ರಾಜ್ಯದ ತೆರಿಗೆ ಇದಕ್ಕೆ ಇಲ್ಲದಿರುವುದರಿಂದ ಗೊಂದಲ ಇನ್ನೂ ಹೆಚ್ಚು. 'ಭತ್ಯೆ' ಎಂದರೆ ವಾಸಿ ಅನಿಸುತ್ತದೆ. ತುಟ್ಟಿಭತ್ಯೆಗೆ ತೆರಿಗೆ ಬೀಳುವುದು ಸಂಬಳದವರಿಗೆಲ್ಲ ಗೊತ್ತು. ಯುವನಿಧಿ ಬಂದ ಮೇಲೆ 'ನಿರುದ್ಯೋಗ ಭತ್ಯೆ' ಊರಲ್ಲೂ ಬಳಕೆಯ ಮಾತು. ಅದು ಇನ್ನೂ ಕೆಲಸ ಸಿಗದ ಪದವೀಧರರಿಗೆ, ಇದು ಇದ್ದ ಕೆಲಸ ಕಳೆದುಕೊಂಡವರಿಗೆ. ಆ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ಹೇಳಿಬಿಡಬಹುದು.

ನಿಜವಾದ ತೊಡಕು 'ಡಿಪೆಂಡೆಂಟ್', ಅಂದರೆ ತೆರಿಗೆ ಕಟ್ಟುವವರು ತಮ್ಮ ಆಸರೆಯಲ್ಲಿರುವವರೆಂದು ತಮ್ಮ ರಿಟರ್ನ್‌ನಲ್ಲಿ ತೋರಿಸಬಹುದಾದ ವ್ಯಕ್ತಿ. ಅನುಕಂಪದ ನೌಕರಿಯ ಅರ್ಜಿಯಿಂದ ಹಿಡಿದು ಎಲ್ಲೆಡೆ 'ಅವಲಂಬಿತ' ಎಂದೇ ಇದೆ. ಆ ಪದ ಕೇಳಿದೊಡನೆ ಸ್ವಂತ ಸಂಪಾದನೆ ಇಲ್ಲದವರು ಎಂಬ ಚಿತ್ರ ಬರುತ್ತದೆ. ಇಲ್ಲಿನ ನಿಯಮ ಹಾಗಿಲ್ಲ. ಪೂರ್ಣಾವಧಿ ಓದುತ್ತಿರುವ 22ರ ಮಗ ಭತ್ಯೆ ಪಡೆದಿದ್ದರೂ, ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಹೆತ್ತವರ ಜೊತೆಗಿದ್ದು, ತನ್ನ ಜೀವನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸದಿದ್ದರೆ ಸಾಮಾನ್ಯವಾಗಿ ಅವರ ಡಿಪೆಂಡೆಂಟ್ ಆಗಬಲ್ಲ. ಭತ್ಯೆಯನ್ನು ಬ್ಯಾಂಕಿನಲ್ಲಿ ಇಟ್ಟರೆ ಅದು ಖರ್ಚಿನ ಲೆಕ್ಕಕ್ಕೇ ಬಾರದು. ಅದೇ ಮನೆಯ, ಓದು ಮುಗಿಸಿದ 26ರ ಅಣ್ಣನಿಗೆ ನಿಯಮ ಬೇರೆ: 2025ರ ಸಾಲಿನಲ್ಲಿ ಭತ್ಯೆಯೂ ಸೇರಿ ಅವನ ಆದಾಯ 5,200 ಡಾಲರ್ ಮುಟ್ಟಿದರೆ ಸಾಮಾನ್ಯವಾಗಿ ಆಗಲಾರ, ಹೆತ್ತವರೇ ಸಾಕುತ್ತಿದ್ದರೂ.

ತಮ್ಮನ ವಿಷಯದಲ್ಲಿ ಎಷ್ಟು ಬಂತು ಎನ್ನುವುದಕ್ಕಿಂತ ಯಾರ ಹಣದಲ್ಲಿ ಬದುಕು ನಡೆಯಿತು ಎಂಬುದೇ ಮುಖ್ಯ. ಅದಕ್ಕೇ 'ಪೋಷ್ಯ' ಎನ್ನೋಣವೇ ಎಂದು ಯೋಚಿಸಿದೆ. ಧರ್ಮಶಾಸ್ತ್ರದ 'ಪೋಷ್ಯವರ್ಗ' ನೆನಪಾಯಿತು. 'ಪೋಷಕ'ದ ಜೊತೆ ಜೋಡಿಯೂ ಆಗುತ್ತದೆ. ಆದರೆ ನಮ್ಮ ಓದುಗರಿಗೆ ತೀರಾ ಪುಸ್ತಕದ ಮಾತಾದೀತೇ? 'ಕ್ಲೇಮ್ ಮಾಡುವುದು' ಎಂಬುದಕ್ಕೆ "ಮಗನನ್ನು ನಮ್ಮ ರಿಟರ್ನ್‌ನಲ್ಲಿ ತೋರಿಸಿಕೊಳ್ಳುವುದು" ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಮಾತು ನಿಮ್ಮ ಕಡೆ ಬಳಕೆಯಲ್ಲಿದ್ದರೆ ತಿಳಿಸಿ.